ಶಾಲೆ ಲೆಕ್ಕಕ್ಕಿಲ್ಲವೇ? ಕೋಲ್ಮನ್ ವರದಿಯ ಕಥೆ

"ಮನೆ ಸರಿಯಿದ್ದರೆ ಮಕ್ಕಳು ಎಲ್ಲಿದ್ದರೂ ಓದ್ತಾರೆ, ಶಾಲೆಯಿಂದ ಏನಾಗಬೇಕು?" ಅನ್ನೋ ಮಾತು ನೀವೂ ಕೇಳಿರ್ತೀರಿ. ಈ ಮಾತಿಗೆ ಅಂಕಿಅಂಶಗಳ ಮುದ್ರೆ ಬಿದ್ದದ್ದು 1966ರಲ್ಲಿ, ಅಮೆರಿಕದಲ್ಲಿ.

ಎಲ್ಲ ಜನಾಂಗದ ಮಕ್ಕಳಿಗೂ ಶಿಕ್ಷಣದಲ್ಲಿ ಸಮಾನ ಅವಕಾಶ ಇದೆಯೇ ಎಂದು ಎರಡು ವರ್ಷದೊಳಗೆ ಸಮೀಕ್ಷೆ ಮಾಡಿ ತಿಳಿಸಬೇಕೆಂದು 1964ರ ನಾಗರಿಕ ಹಕ್ಕುಗಳ ಕಾಯ್ದೆ ವಿಧಿಸಿತ್ತು. ಆ ಕೆಲಸ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಹೆಗಲಿಗೆ ಬಿತ್ತು. ಸುಮಾರು 6 ಲಕ್ಷ ವಿದ್ಯಾರ್ಥಿಗಳು, 60 ಸಾವಿರ ಶಿಕ್ಷಕರು, 4 ಸಾವಿರ ಶಾಲೆಗಳು! ಕಪ್ಪು ಮಕ್ಕಳ ಶಾಲೆಗಳಿಗೆ ಸೌಲಭ್ಯ ತೀರಾ ಕಡಿಮೆ, ಅಂಕ ಕಡಿಮೆಯಾಗಲು ಅದೇ ಕಾರಣ ಅಂತ ಎಲ್ಲರೂ ನಂಬಿದ್ದರು.

ಲೆಕ್ಕ ಬೇರೆಯೇ ಹೇಳಿತು. ಸೌಲಭ್ಯಗಳ ಅಂತರ ಅಂದುಕೊಂಡಷ್ಟು ಇರಲಿಲ್ಲ. ಅಂಕಗಳ ವ್ಯತ್ಯಾಸ ಶಾಲೆ ಶಾಲೆಗಳ ನಡುವೆ ಇದ್ದದ್ದಕ್ಕಿಂತ ಒಂದೇ ಶಾಲೆಯೊಳಗೆ ಹೆಚ್ಚಿತ್ತು. ಮನೆಯ ಹಿನ್ನೆಲೆಯ ಮುಂದೆ ಶಾಲೆಯ ಪಾತ್ರ ಸಣ್ಣದಾಗಿ ಕಂಡಿತು. ಸರಿ, "ಶಾಲೆಯಿಂದ ಏನೂ ಆಗಲ್ಲ" ಅಂತ ಸುದ್ದಿ ಹಬ್ಬಿತು.

ಆದರೆ ಲೆಕ್ಕ ಮಾಡಿದ ಕ್ರಮವನ್ನು ಸ್ವಲ್ಪ ನೋಡಿ. ಮೊದಲು ಮನೆಯ ಪಾಲು ತೆಗೆದು, ಉಳಿದದ್ದರಲ್ಲಿ ಶಾಲೆಯ ಪಾಲು ಹುಡುಕಿದರು. ಒಳ್ಳೆ ಮಣ್ಣಿನ ಹೊಲಕ್ಕೇ ಒಳ್ಳೆ ಬೀಜವೂ ಬೀಳುತ್ತಿದ್ದರೆ, ಫಸಲು ಹೆಚ್ಚಿದ್ದು ಯಾವುದರಿಂದ? ಮೊದಲೇ ಎಲ್ಲವನ್ನೂ ಮಣ್ಣಿನ ಖಾತೆಗೆ ಬರೆದರೆ ಬೀಜಕ್ಕೆ ಉಳಿಯೋದು ಪುಡಿಗಾಸು. 1968ರಲ್ಲೇ ಸ್ಯಾಮ್ಯುಯೆಲ್ ಬೋಲ್ಸ್ ಮತ್ತು ಹೆನ್ರಿ ಲೆವಿನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಎತ್ತಿ ತೋರಿಸಿದರು. ಇನ್ನೊಂದು ವಿಷಯ... ಶಾಲೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ದರೆ, ಅಂಕಗಳ ವ್ಯತ್ಯಾಸಕ್ಕೆ ಶಾಲೆ ಕಾರಣವಾಗಿ ಕಾಣೋದಾದರೂ ಹೇಗೆ? ಹಾಗಂತ ಶಾಲೆ ಏನನ್ನೂ ಕಲಿಸಲಿಲ್ಲ ಅಂತಲ್ಲ.

1983ರಲ್ಲಿ ಸ್ಟೀಫನ್ ಹೈನ್‌ಮನ್ ಮತ್ತು ವಿಲಿಯಂ ಲಾಕ್ಸ್ಲಿ ಭಾರತವೂ ಸೇರಿ 29 ದೇಶಗಳ ಮಾಹಿತಿ ಹೋಲಿಸಿದರು. ದೇಶ ಬಡವಾದಷ್ಟೂ ಮಕ್ಕಳ ಕಲಿಕೆಯಲ್ಲಿ ಶಾಲೆ ಮತ್ತು ಶಿಕ್ಷಕರ ಪಾಲು ದೊಡ್ಡದಾಗಿ ಕಂಡಿತು.

ನನ್ನನ್ನು ಹೆಚ್ಚು ಕಾಡೋದು ಬೇರೆ ಸಂಗತಿ. ಹಿಂದುಳಿದ ಅಲ್ಪಸಂಖ್ಯಾತ ಮಕ್ಕಳ ಕಲಿಕೆ ಬಿಳಿಯ ಮಕ್ಕಳಿಗಿಂತ ಹೆಚ್ಚಾಗಿ ಶಾಲೆಯ ಗುಣಮಟ್ಟವನ್ನೇ ಅವಲಂಬಿಸಿದೆ ಎಂದು ಕೋಲ್ಮನ್ ವರದಿಯೇ ಹೇಳಿತ್ತು. ಯಾರಿಗಾಗಿ ಸಮೀಕ್ಷೆ ನಡೆಯಿತೋ ಅವರ ಬಗ್ಗೆ ಇದ್ದ ಮಾತೇ ಗದ್ದಲದಲ್ಲಿ ಮುಳುಗಿಹೋಯಿತು.

ಹಾಗಾಗಿ ಸರ್ಕಾರಿ ಶಾಲೆಗೆ ದುಡ್ಡು ಸುರಿದು ಏನು ಪ್ರಯೋಜನ ಅಂತ ಯಾರಾದರೂ ಅಂಕಿಅಂಶ ತೋರಿಸಿದರೆ ಎರಡೇ ಪ್ರಶ್ನೆ ಕೇಳಿ: ಯಾವ ಯಾವ ಶಾಲೆಗಳನ್ನು ಹೋಲಿಸಿದ್ದೀರಿ? ಯಾವುದರ ಪಾಲು ಮೊದಲು ತೆಗೆದಿರಿ?