ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಕಾಲೇಜುಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳನ್ನೂ ಅಧ್ಯಾಪಕರನ್ನೂ ಪರೀಕ್ಷೆಯ ಫಲಿತಾಂಶಗಳನ್ನೂ ಕುರಿತು ಬರೆಯುತ್ತಾರೆ. ಹಳ್ಳಿಯಿಂದ ಬಂದ ಬಡ ಹುಡುಗನು ಮೊದಲನೆಯ ವರ್ಷದ ತರಗತಿಗೆ ಸೇರಿದ ದಿನ ರಾತ್ರಿ ಎಲ್ಲಿ ಉಂಡನು, ಎಲ್ಲಿ ಮಲಗಿದನು ಎಂಬುದನ್ನು ಯಾವ ದಾಖಲೆಯ ಪುಸ್ತಕವೂ ಹೇಳುವುದಿಲ್ಲ. ಆದರೆ ನಮ್ಮ ನಾಡಿನಲ್ಲಿ ಉನ್ನತ ವಿದ್ಯೆ ಯಾರಿಗೆ ದಕ್ಕಿತು, ಯಾರಿಗೆ ದಕ್ಕಲಿಲ್ಲ ಎಂಬ ಪ್ರಶ್ನೆಗೆ ಉತ್ತರವಿರುವುದು ಬಹುಮಟ್ಟಿಗೆ ಬರೆಯದೆ ಬಿಟ್ಟ ಈ ಪುಟದಲ್ಲಿಯೇ. ಇಂದು ಶ್ರೋತೃಗಳೊಡನೆ ಆ ಪುಟವನ್ನು ಸ್ವಲ್ಪ ತಿರುವಿ ನೋಡಬೇಕೆಂದಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನದ ಹುಡುಗನು ಬಿ. ಎ. ಪದವಿಯವರೆಗೆ ಓದಬೇಕಾದರೆ ಮುಖ್ಯವಾಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗಾಗಲಿ ಮೈಸೂರಿನ ಮಹಾರಾಜಾ ಕಾಲೇಜಿಗಾಗಲಿ ಬರಬೇಕಾಗಿದ್ದಿತು. ಆಗ ಇವೆರಡೂ ಮದರಾಸು ವಿಶ್ವವಿದ್ಯಾನಿಲಯದ ಅಂಗವಾಗಿದ್ದುವು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದವನಿಗೆ ಎಫ್. ಎ. ತರಗತಿಯ ಬಾಗಿಲು ತೆರೆದಿದ್ದಿತು. ಆದರೆ ಬಾಗಿಲು ತೆರೆದಿದ್ದ ಮಾತ್ರಕ್ಕೆ ಒಳಗೆ ನಿಲ್ಲುವುದು ಸಾಧ್ಯವೇ? ಹೇಗೋ ಸಾಲ ಮಾಡಿ ಶುಲ್ಕವನ್ನು ಒಮ್ಮೆ ಕಟ್ಟಬಹುದು. ಹಸಿವೆ ಮಾತ್ರ ದಿನಕ್ಕೆರಡು ಬಾರಿ ಬಂದು ಬಾಗಿಲು ತಟ್ಟುತ್ತದೆ.

ಮುದ್ದೇನಹಳ್ಳಿಯ ಒಬ್ಬ ಹುಡುಗನ ಉದಾಹರಣೆ ಎಲ್ಲರಿಗೂ ತಿಳಿದುದೇ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ. ಎ. ಪದವೀಧರರಾದರು. ಅನಂತರ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತುದರಿಂದ ಪುಣೆಗೆ ಹೋಗಿ ಎಂಜಿನಿಯರಿಂಗ್ ಕಲಿತರು. ಅವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪಿತವಾಯಿತು. ಅವರ ಪ್ರತಿಭೆಯನ್ನು ನಾವೆಲ್ಲರೂ ಕೊಂಡಾಡುತ್ತೇವೆ. ಆ ಪ್ರತಿಭೆಗೆ ಸಕಾಲದಲ್ಲಿ ಒದಗಿದ ಮನೆಪಾಠದ ಆಸರೆಯನ್ನೂ ಸಂಸ್ಥಾನದ ವೇತನವನ್ನೂ ಅದರೊಡನೆ ಸೇರಿಸಿ ನೆನೆಯುವುದು ನ್ಯಾಯ.

ಮನೆಪಾಠ ದೊರೆಯದವರಿಗೆ ಉಳಿದಿದ್ದುದು ವಾರಾನ್ನ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ಈ ಪದ್ಧತಿಯು ನಮ್ಮ ಪಟ್ಟಣಗಳ ಅಗ್ರಹಾರದ ಬೀದಿಗಳಲ್ಲಿ ಬಹುಕಾಲ ನಡೆದುಬಂದಿತು. ಅದರಲ್ಲಿ ದೊಡ್ಡತನವಿದ್ದುದನ್ನು ಅಲ್ಲಗಳೆಯಲಾಗದು. ತಾವೇ ಕಷ್ಟದಲ್ಲಿದ್ದ ಗೃಹಿಣಿಯರು ‘ಇಂದು ಮಂಗಳವಾರ, ನಮ್ಮ ಮನೆಯ ಹುಡುಗ ಬರುತ್ತಾನೆ’ ಎಂದು ಒಂದು ಹಿಡಿ ಅಕ್ಕಿಯನ್ನು ಹೆಚ್ಚಾಗಿ ಹಾಕುತ್ತಿದ್ದರು. ಆ ಒಂದು ಹಿಡಿ ಅಕ್ಕಿಯಿಂದ ವಕೀಲರೂ ವೈದ್ಯರೂ ವಿದ್ವಾಂಸರೂ ಆದವರು ಅನೇಕರು.

ಆದರೆ ಈ ಪದ್ಧತಿಯ ಕೊರತೆಗಳನ್ನೂ ಹೇಳಲೇಬೇಕು. ಒಂದು ಮನೆಯಲ್ಲಿ ಸೂತಕವಾದರೆ ಆ ವಾರ ಹುಡುಗನಿಗೆ ಉಪವಾಸ. ಮನೆಯವರು ಊರಿಗೆ ಹೋದರೂ ಹಾಗೆಯೇ. ಪರೀಕ್ಷೆಯ ದಿನವೇ ಅಂಥ ಸಂದರ್ಭ ಒದಗಿದರೆ ಕೇಳುವವರಾರು? ಉಣ್ಣುವವನು ಸದಾ ತಲೆ ತಗ್ಗಿಸಿ, ಎಲ್ಲರ ಮುಖಭಾವವನ್ನು ಗಮನಿಸಿ ನಡೆಯಬೇಕು. ಇದಕ್ಕಿಂತಲೂ ಮುಖ್ಯವಾದ ಕೊರತೆ ಬೇರೊಂದಿದೆ. ಅಗ್ರಹಾರದ ಪಂಕ್ತಿಯಲ್ಲಿ ಕುಳಿತುಕೊಳ್ಳಬಲ್ಲವನಿಗೆ ಮಾತ್ರ ಈ ಅನ್ನ ದೊರೆಯುತ್ತಿದ್ದಿತು. ಒಕ್ಕಲಿಗನ ಮಗನಿಗೂ ಕುರುಬನ ಮಗನಿಗೂ ಅಲ್ಲಿ ಎಲೆ ಹಾಕುವವರಿರಲಿಲ್ಲ. ಅಸ್ಪೃಶ್ಯರೆಂದು ಊರಾಚೆ ಇರಿಸಲ್ಪಟ್ಟವರ ಮಗನಿಗೆ ಆ ಬೀದಿಯೇ ದೂರ. ಹೆಣ್ಣುಮಕ್ಕಳ ಹೆಸರಂತೂ ಈ ಏರ್ಪಾಡಿನಲ್ಲಿ ಎಲ್ಲಿಯೂ ಬರುವುದಿಲ್ಲ. ದಯೆಯು ದೊಡ್ಡದೇ, ಆದರೆ ತನಗೆ ಪರಿಚಿತವಾದ ಮುಖವನ್ನೇ ಅದು ಮೊದಲು ಗುರುತಿಸುತ್ತದೆ.

ಈ ಕೊರತೆಯನ್ನು ಕಂಡವರು ಸುಮ್ಮನಿರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ನನ್ನು ಸ್ಥಾಪಿಸಿ, ಸ್ವಜನರ ಬಹಿಷ್ಕಾರವನ್ನು ಸಹಿಸಿಕೊಂಡು, ದಲಿತರ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಬೆಂಗಳೂರಿನಲ್ಲಿ ವರ್ತಕರಾದ ಗುಬ್ಬಿ ತೋಟದಪ್ಪನವರು ತಮ್ಮ ಸಂಪಾದನೆಯನ್ನು ಧರ್ಮಕ್ಕೆ ಮೀಸಲಿಟ್ಟು 1903ರಲ್ಲಿ ರೈಲ್ವೆ ನಿಲ್ದಾಣದ ಸಮೀಪದಲ್ಲಿ ಛತ್ರವನ್ನು ಕಟ್ಟಿಸಿದರು. ಅವರ ದತ್ತಿಯಿಂದ ವಿದ್ಯಾರ್ಥಿನಿಲಯವೂ ನಡೆಯಿತು. ಉತ್ತರದಲ್ಲಿ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ವಿದ್ಯೆಗಾಗಿ ಉಯಿಲು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಒಂದು ದತ್ತಿ ಇನ್ನೊಂದಕ್ಕೆ ಬೀಜವಾಗುವುದನ್ನೂ ಇಲ್ಲಿ ಕಾಣಬಹುದು. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ದಾನ ಸ್ವಾಮಿಗಳ ಕಾಲದಲ್ಲಿ, 1917ರಲ್ಲಿ, ಉಚಿತ ವಿದ್ಯಾರ್ಥಿನಿಲಯ ಆರಂಭವಾಗಿದ್ದಿತು. ಮುಂದೆ ಆ ಮಠದ ಅಧಿಪತಿಗಳಾದ ಶಿವಕುಮಾರ ಸ್ವಾಮಿಗಳು ಪೂರ್ವಾಶ್ರಮದಲ್ಲಿ ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ ತಂಗಿದ್ದುದು ತೋಟದಪ್ಪನವರ ನಿಲಯದಲ್ಲಿ. ಅಲ್ಲಿ ಆಸರೆ ಪಡೆದವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ, ಜಾತಿಮತಗಳನ್ನು ಕೇಳದೆ, ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಸರೆಯನ್ನೂ ಕೊಟ್ಟರು.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಒಂದೊಂದು ಜನಾಂಗವೂ ತನ್ನ ಮಕ್ಕಳಿಗಾಗಿ ತಾನೇ ನಿಲಯಗಳನ್ನು ಕಟ್ಟಿಕೊಳ್ಳಲು ಮೊದಲು ಮಾಡಿತು. ಇದು ಸ್ವಾವಲಂಬನೆಯ ಮಾರ್ಗ, ಸಂದೇಹವಿಲ್ಲ. ಆದರೆ ಕಟ್ಟಿಕೊಳ್ಳುವ ಶಕ್ತಿಯೇ ಇಲ್ಲದವರ ಗತಿಯೇನು? ಇಲ್ಲಿಯೇ ಸರ್ಕಾರದ ಕರ್ತವ್ಯ ಆರಂಭವಾಗುವುದು. ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮುಖ್ಯ ನ್ಯಾಯಾಧೀಶರಾದ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿಯನ್ನು ನಾವು ಸರ್ಕಾರಿ ನೌಕರಿಯ ಪ್ರಾತಿನಿಧ್ಯಕ್ಕಾಗಿಯೇ ನೆನೆಯುತ್ತೇವೆ. ಹಿಂದುಳಿದವರ ಮಕ್ಕಳಿಗೆ ವಿದ್ಯಾರ್ಥಿವೇತನವೂ ವಸತಿಯೂ ಬೇಕೆಂದು ಆ ಸಮಿತಿಯು ಹೇಳಿತೆಂಬುದನ್ನು ಮರೆಯುತ್ತೇವೆ. ನೌಕರಿಗೆ ಪದವಿ ಬೇಕು, ಪದವಿಗೆ ಓದು ಬೇಕು, ಓದಿಗೆ ಊಟ ಬೇಕು ಎಂಬ ಸರಳವಾದ ಸತ್ಯ ಅದರಲ್ಲಿದ್ದಿತು. 1944ರಲ್ಲಿ ಭಾರತ ಸರ್ಕಾರವು ಪರಿಶಿಷ್ಟ ಜಾತಿಗಳವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಆರಂಭಿಸಿದಾಗ ಇದೇ ಸತ್ಯವು ಇಡೀ ದೇಶಕ್ಕೆ ಅನ್ವಯವಾಯಿತು. ದಾನವಾಗಿದ್ದುದು ಹಕ್ಕಾಗುವ ಕಡೆಗೆ ಒಂದು ಹೆಜ್ಜೆ ಮುಂದಿಟ್ಟಿತು.

ಈ ಹೆಜ್ಜೆಯಿಂದ ನಾಡಿಗೆ ಬರುವ ಲಾಭವೆಷ್ಟು ಎಂದು ಕೇಳುವವರಿಗೆ ಒಂದು ನಿದರ್ಶನ ಸಾಕು. 1935ರಲ್ಲಿ ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಒಬ್ಬ ಹುಡುಗನು ಓದುವ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದನು. ಬಸ್ಸಿಗೆ ಹಣವಿಲ್ಲದ ಆ ಹುಡುಗನಿಗೆ ನಗರದಲ್ಲಿ ಬಡ ವಿದ್ಯಾರ್ಥಿಗಳ ನಿಲಯವೊಂದು ಆಸರೆ ಕೊಟ್ಟಿತು. ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿದ ಅವನೇ ಡಾಕ್ಟರ್ ಎಚ್. ನರಸಿಂಹಯ್ಯನವರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳು. ಅಂದು ಅವರಿಗೆ ತಲೆಯ ಮೇಲೊಂದು ಸೂರು ದೊರೆಯದಿದ್ದರೆ ಬಂದ ದಾರಿಯಲ್ಲಿಯೇ ಹಿಂದಿರುಗುತ್ತಿದ್ದರು; ನಾವು ಏನನ್ನು ಕಳೆದುಕೊಂಡೆವೆಂಬುದು ನಮಗೆ ತಿಳಿಯುತ್ತಲೂ ಇರಲಿಲ್ಲ. ಹಾಗೆ ಹಿಂದಿರುಗಿದವರ ಲೆಕ್ಕವನ್ನು ಇಟ್ಟವರಾರು?

ಇಂದು ಏರ್ಪಾಡುಗಳು ಹೆಚ್ಚಿವೆ. ಸರ್ಕಾರಿ ವಿದ್ಯಾರ್ಥಿನಿಲಯಗಳಿವೆ, ನಿಲಯದಲ್ಲಿ ಸ್ಥಳ ಸಿಕ್ಕದ ಹಿಂದುಳಿದ ವರ್ಗದವರಿಗೆ ಊಟ ವಸತಿಯ ವೆಚ್ಚವನ್ನು ಕೊಡುವ ‘ವಿದ್ಯಾಸಿರಿ’ ಯೋಜನೆಯು 2013ರಲ್ಲಿ ಬಂದಿತು. ಇದು ಸಂತೋಷದ ವಿಷಯ. ಆದರೂ ಮೊದಲನೆಯ ವರ್ಷದ ಮೊದಲ ಎರಡು ಮೂರು ತಿಂಗಳುಗಳೇ ಅತ್ಯಂತ ಕಠಿಣವಾದುವು. ಪ್ರವೇಶದ ಪಟ್ಟಿಯಲ್ಲಿ ಹೆಸರು ಬಂದಿರುತ್ತದೆ. ಶುಲ್ಕ, ಪುಸ್ತಕ, ಬಾಡಿಗೆ, ಊಟ ಎಲ್ಲವೂ ಒಮ್ಮೆಗೇ ಎದುರಾಗುತ್ತವೆ. ಅರ್ಜಿ ಕಚೇರಿಯಿಂದ ಕಚೇರಿಗೆ ನಡೆಯುತ್ತಿರುತ್ತದೆ. ವರ್ಷದ ಕೊನೆಯಲ್ಲಿ ಕೈಸೇರುವ ವೇತನವು ಆಷಾಢದ ಹಸಿವೆಯನ್ನು ತಣಿಸಲಾರದು. ವಾರಾನ್ನಕ್ಕೆ ಎಷ್ಟೇ ಕೊರತೆಗಳಿದ್ದರೂ ಒಂದು ಗುಣವಿದ್ದಿತು: ಅದು ಹಸಿದ ದಿನವೇ ದೊರೆಯುತ್ತಿದ್ದಿತು.

ಆದುದರಿಂದ ಹಳೆಯ ಕಾಲದಿಂದ ನಾವು ಕಲಿಯಬೇಕಾದುದು ಎರಡು ಪಾಠಗಳನ್ನು. ನೆರವು ಯಾರ ಮುಖವನ್ನೂ ನೋಡದೆ ಹಕ್ಕಾಗಿ ದೊರೆಯಬೇಕು. ಇದು ಹೊಸ ಕಾಲದ ನ್ಯಾಯ. ಅದು ಬೇಕಾದ ದಿನವೇ ದೊರೆಯಬೇಕು. ಇದು ಆ ಗೃಹಿಣಿಯರ ನ್ಯಾಯ. ಸರ್ಕಾರವು ಮೊದಲನೆಯದನ್ನು ಪಾಲಿಸಲಿ. ಎರಡನೆಯದರಲ್ಲಿ ಕಾಲೇಜುಗಳಿಗೂ, ಹಿಂದೆ ಇಂಥ ಅನ್ನವನ್ನುಂಡು ಮುಂದೆ ಬಂದ ಮನೆತನಗಳಿಗೂ ಪಾಲಿದೆ. ನಮ್ಮಲ್ಲಿ ಅನೇಕರ ತಾತಂದಿರು ಯಾರದೋ ಮನೆಯ ಮಂಗಳವಾರದ ಹುಡುಗರಾಗಿದ್ದವರೇ ಅಲ್ಲವೆ? ಆ ಋಣವು ಇನ್ನೂ ತೀರಿಲ್ಲ.