ಕೆಸರುತಡೆಯ ಚರಿತ್ರೆ: ಮನೆಯಲ್ಲಿ ಕಟ್ಟಿದ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದು ಹಳೆಯ ಅಂಗದ ಉಳಿವು

೧

ಪದಗಳ ಚರಿತ್ರೆಯೂ ಪದಾರ್ಥಗಳ ಚರಿತ್ರೆಯೂ ಒಂದನ್ನೊಂದು ಬಿಟ್ಟಿರಲಾರವು. ಮೋಟಾರು ಬಂಡಿಯ ಚಕ್ರದ ಮೇಲೆ ಕಮಾನಿನಂತೆ ಬಾಗಿ, ಚಕ್ರವು ಎರಚುವ ಕೆಸರನ್ನೂ ನೀರನ್ನೂ ತಡೆಯುವ ತಗಡಿಗೆ ನಾವು ಕನ್ನಡದಲ್ಲಿ ಮಡ್‌ಗಾರ್ಡು ಎನ್ನುತ್ತೇವೆ. ಈ ಮಾತು ಸೈಕಲ್ಲಿನ ಮೂಲಕ ಹಳ್ಳಿಹಳ್ಳಿಗೂ ಸಂದಿರುವುದು. ಆದರೆ ಇಂಗ್ಲೆಂಡಿನವರು ಕಾರಿನ ಈ ಅಂಗವನ್ನು ರೆಕ್ಕೆ ಎಂಬರ್ಥದ 'ವಿಂಗ್' ಎಂಬ ಮಾತಿನಿಂದ ಕರೆಯುವರು. ಅಮೆರಿಕದವರು 'ಫೆಂಡರ್' ಎನ್ನುವರು. ಈ ಎರಡನೆಯ ಮಾತು ರಕ್ಷಕವೆಂಬರ್ಥದ 'ಡಿಫೆಂಡರ್' ಎಂಬುದರ ಮೊಟಕಾದ ರೂಪ. ಹಡಗಿನ ಪಕ್ಕೆಗೆ ಕಟ್ಟುವ ಒತ್ತುಮೆತ್ತೆಗೂ ಅಗ್ಗಿಷ್ಟಿಕೆಯ ಮುಂದಿನ ತಡೆಗೂ ಇದೇ ಹೆಸರುಂಟು. ಇಟಲಿಯವರ 'ಪರಾಫಾಂಗೋ' ಎಂಬುದಕ್ಕೆ ಕೆಸರನ್ನು ತಡೆಯುವುದೆಂದೇ ಅರ್ಥ. ಜರ್ಮನರ 'ಕೋಟ್‌ಫ್ಲ್ಯೂಗೆಲ್' ಎಂಬ ಸಮಾಸದಲ್ಲಿ ಕೆಸರೂ ರೆಕ್ಕೆಯೂ ಕೂಡಿಕೊಂಡಿವೆ. ಒಂದೇ ವಸ್ತುವನ್ನು ಕೆಲವರು ಅದರ ಕೆಲಸದಿಂದಲೂ ಕೆಲವರು ಅದರ ಆಕಾರದಿಂದಲೂ ಹೆಸರಿಸಿದರೆಂಬುದು ಇದರಿಂದ ತಿಳಿಯುತ್ತದೆ. ಈ ಲೇಖನದಲ್ಲಿ ಕೆಸರುತಡೆ ಎಂಬ ಮಾತನ್ನು ಪ್ರಯೋಗಿಸಿದೆ.

೨

ವಿಚಾರಿಸತಕ್ಕ ಪ್ರಶ್ನೆ ಇದು. ಆದಿಯಲ್ಲಿ ಕೆಸರುತಡೆಯು ಕಾರಿನ ಒಡಲಿನಿಂದ ಬೇರೆಯಾದ ಅಂಗವಾಗಿತ್ತು. ಕುದುರೆಗಾಡಿಗಳಿಂದ ಬಂದ ಪದ್ಧತಿ ಅದು. ಎರಡನೆಯ ಮಹಾಯುದ್ಧದ ತರುವಾಯದ ಹತ್ತು ವರ್ಷಗಳಲ್ಲಿ ಕಾರ್ಖಾನೆಗಳು ಇದನ್ನು ಒಡಲಿನಲ್ಲಿಯೇ ಲೀನಗೊಳಿಸಿದವು. ೧೯೪೭ರ ಇಟಲಿಯ ಚಿಸಿಟಾಲಿಯಾ ೨೦೨, ೧೯೪೯ರ ಮಾದರಿಯ ಅಮೆರಿಕದ ಫೋರ್ಡ್, ಇವುಗಳಲ್ಲಿ ಕೆಸರುತಡೆ ಎಲ್ಲಿ ಮುಗಿದು ಒಡಲು ಎಲ್ಲಿ ಮೊದಲಾಗುವುದೆಂದು ಬೆರಳಿಟ್ಟು ತೋರಿಸುವುದು ಕಷ್ಟ. ಹಳೆಯ ಪದ್ಧತಿಗೆ ಅಂಟಿಕೊಂಡಿದ್ದ ಎಂ. ಜಿ. ಸಂಸ್ಥೆಯ ಟಿ ಸರಣಿಯ ಕಾರುಗಳೂ ೧೯೫೫ಕ್ಕೆ ಮುಗಿದವು. ಹೀಗಿರಲು, ಇಂಗ್ಲೆಂಡಿನಲ್ಲಿ ಹವ್ಯಾಸಿಗಳು ಮನೆಯಲ್ಲಿ ಕಟ್ಟಿಕೊಂಡ ಸ್ಪೋರ್ಟ್ಸ್ ಕಾರುಗಳಲ್ಲಿ ಬಿಡಿಯಾದ ಕೆಸರುತಡೆಯು ಏಕೆ ಉಳಿಯಿತು?

ಇದಕ್ಕೆ ಎರಡು ಉತ್ತರಗಳು ಥಟ್ಟನೆ ತೋರುವುವು. ಹಳೆಯದರ ಮೇಲಣ ಮೋಹವೇ ಕಾರಣವೆಂಬುದು ಒಂದು. ಸಣ್ಣ ತಡೆಯು ಹಗುರವಾದುದರಿಂದ ವೇಗಕ್ಕೆ ಅನುಕೂಲವೆಂಬುದು ಇನ್ನೊಂದು. ಇವೆರಡೂ ಪೂರ್ಣ ಸತ್ಯವಲ್ಲವೆಂದೂ, ಮನೆಯ ಕೊಟ್ಟಿಗೆಯಲ್ಲಿ ಕೈಯಿಂದ ಏನು ಮಾಡಲು ಸಾಧ್ಯವೋ ಅದೇ ಈ ರೂಪವನ್ನು ಮೊದಲು ನಿರ್ಣಯಿಸಿತೆಂದೂ ನಮಗೆ ತೋರುತ್ತದೆ.

೩

ಈ ಕಾರುಗಳ ಮೂಲವು ಬಹುಮಟ್ಟಿಗೆ ಆಸ್ಟಿನ್ ಸೆವೆನ್ ಎಂಬ ಸಣ್ಣ ಕಾರು. ಹರ್ಬರ್ಟ್ ಆಸ್ಟಿನ್ ಅವರು ಸ್ಟ್ಯಾನ್ಲಿ ಎಡ್ಜ್ ಎಂಬ ಎಳೆಯ ನಕ್ಷೆಗಾರನ ನೆರವಿನಿಂದ ರೂಪಿಸಿ ೧೯೨೨ರಲ್ಲಿ ಹೊರತಂದ ಈ ಕಾರು ೧೯೩೯ರ ವರೆಗೆ ತಯಾರಾಯಿತು. ಇದರ ಎಂಜಿನಿನ ಗಾತ್ರ ೭೪೭ ಘನ ಸೆಂಟಿಮೀಟರು. ಒಡಲು ಸವೆದು ಅಗ್ಗವಾಗಿ ಮಾರಾಟಕ್ಕೆ ಬಂದ ಕಾರನ್ನು ಕೊಂಡು, ಒಡಲನ್ನು ಕಿತ್ತೊಗೆದು, ಉಳಿದ ಚಾಸಿಯ ಮೇಲೆ ತಮ್ಮದೇ ಆದ ಹಗುರವಾದ ಒಡಲನ್ನು ಹವ್ಯಾಸಿಗಳು ಕಟ್ಟುತ್ತಿದ್ದರು. ಇಂಥ ಕಾರಿಗೆ 'ಸ್ಪೆಷಲ್' ಎಂದು ಹೆಸರು. ಇವರಿಗಾಗಿ ೭೫೦ ಮೋಟಾರ್ ಕ್ಲಬ್ಬು ೧೯೩೯ರಲ್ಲಿ ಸ್ಥಾಪಿತವಾಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಓದುತ್ತಿದ್ದ ಕಾಲಿನ್ ಚ್ಯಾಪ್‌ಮನ್ ೧೯೪೮ರಲ್ಲಿ ಕಟ್ಟಿದ ಮೊದಲ ಕಾರು ಈ ಜಾತಿಯದೇ. ಲೋಟಸ್ ಎಂಬ ಹೆಸರಿನ ಪರಂಪರೆಯು ಅಲ್ಲಿಂದ ಮೊದಲಾಯಿತು.

ಸ್ಪೆಷಲ್ ಕಟ್ಟಿದವನು ಕೆಸರುತಡೆಯನ್ನು ಬಿಟ್ಟುಬಿಡುವಂತಿರಲಿಲ್ಲ. ರಸ್ತೆಯಲ್ಲಿ ಓಡುವ ಕಾರಿಗೆ ಅದು ಬೇಕು; ಬ್ರಿಟನ್ನಿನ ೧೯೮೬ರ ನಿಬಂಧನೆಗಳೂ ಇದನ್ನು ವಿಧಿಸಿವೆ. ಅದಲ್ಲದೆ ಸ್ಪರ್ಧೆಗಳಲ್ಲಿ ಸ್ಪೋರ್ಟ್ಸ್ ಕಾರನ್ನು ಬರಿಯ ಪಂದ್ಯದ ಕಾರಿನಿಂದ ಬೇರ್ಪಡಿಸುತ್ತಿದ್ದ ಲಕ್ಷಣಗಳಲ್ಲಿ ಕೆಸರುತಡೆಯೂ ಒಂದಾಗಿತ್ತು.

೪

ಈಗ ಇದನ್ನು ಮಾಡುವ ಬಗೆಯನ್ನು ನೋಡತಕ್ಕದ್ದು. ನಮ್ಮ ವಾದವು ಇದನ್ನೇ ಆಧರಿಸಿದೆ. ಲೋಹದ ಹಾಳೆಯನ್ನು ಒಂದೇ ದಿಕ್ಕಿಗೆ ಬಾಗಿಸುವುದು ಸುಲಭ: ಕಾಗದದ ಹಾಳೆಯನ್ನು ಸುರುಳಿ ಸುತ್ತಿದಂತೆ, ತಗಡಿನ ಪಟ್ಟಿಯನ್ನು ಕೊಳವೆಯ ಮೇಲೊತ್ತಿ ಚಕ್ರದ ಸುತ್ತಿಗೆ ಹೊಂದಿಸಬಹುದು. ಎರಡು ದಿಕ್ಕಿಗೂ ಒಮ್ಮೆಗೇ ಬಾಗಿದ, ಬೋಗುಣಿಯಂಥ ಆಕಾರವನ್ನು ಹೀಗೆ ಪಡೆಯಲಾಗದು. ಅಲ್ಲಿ ಲೋಹವು ನಡುವೆ ಹಿಗ್ಗಬೇಕು, ಇಲ್ಲವೆ ಅಂಚಿನಲ್ಲಿ ಕುಗ್ಗಬೇಕು. ಕಾರ್ಖಾನೆಯಲ್ಲಿ ಈ ಕೆಲಸವನ್ನು ಭಾರಿ ಅಚ್ಚುಯಂತ್ರವು ಕ್ಷಣದಲ್ಲಿ ಮಾಡುವುದು. ಕುಶಲನಾದ ತಗಡುಗೆಲಸದವನು ಮರಳಿನ ಚೀಲದ ಮೇಲೆ ತಗಡನ್ನಿಟ್ಟು ಕೊಡತಿಯಿಂದ ಬಡಿದು, ಬಳಿಕ ಎರಡು ಉರುಳೆಗಳ ನಡುವೆ ಹಾಯಿಸಿ ನಯಗೊಳಿಸುವನು. ಬಡಿದಂತೆಲ್ಲ ಅಲ್ಯುಮಿನಿಯಂ ಗಡುಸಾಗುವುದರಿಂದ ನಡುನಡುವೆ ಕಾಯಿಸಿ ಮೆತ್ತಗೆ ಮಾಡಬೇಕು. ಕಬ್ಬಿಣದಂತೆ ಇದು ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ; ಬಣ್ಣ ಬದಲಾಗದೆಯೇ ೬೬೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿಹೋಗುವುದು. ಆದುದರಿಂದ ಮೊದಲು ಸಾಬೂನನ್ನು ಉಜ್ಜಿ, ಅದು ಕಪ್ಪಗಾದೊಡನೆ ಉರಿಯನ್ನು ತೆಗೆಯುವುದು ಕಸುಬಿನವರ ರೂಢಿ. ಇಂಥ ಪರಿಣತಿ ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ರಜೆಯ ದಿನಗಳಲ್ಲಿ ಕೆಲಸ ಮಾಡುವ ಹವ್ಯಾಸಿಗೆ ಅದು ದುರ್ಲಭ.

ಆದರೆ ಚಕ್ರದಷ್ಟೇ ಅಗಲದ, ಸೈಕಲ್ಲಿನ ತಡೆಯನ್ನು ಹೋಲುವ ಪಟ್ಟಿಯನ್ನು ಅವನು ತಾನೇ ಮಾಡಬಲ್ಲನು. ಅಂಚನ್ನು ತಂತಿಯ ಸುತ್ತ ಮಡಿಸಿದರೆ ತೆಳ್ಳನೆಯ ತಗಡಿಗೂ ಬಿಗುವು ಬರುವುದು. ಇದನ್ನು ಬ್ರೇಕಿನ ಹಿಂದಣ ತಟ್ಟೆಗೆ ಬಿಗಿದ ಊರೆಗಳ ಮೇಲೆ ನಿಲ್ಲಿಸಿದರೆ, ತಡೆಯು ಚಕ್ರದೊಡನೆಯೇ ಏಳುತ್ತದೆ, ಬೀಳುತ್ತದೆ, ತಿರುಗುತ್ತದೆ. ಟೈರಿಗೂ ತಡೆಗೂ ನಡುವೆ ಸ್ವಲ್ಪವೇ ಎಡೆ ಸಾಕು. ಇದರ ದೋಷವೆಂದರೆ, ಸ್ಪ್ರಿಂಗಿನ ಆಶ್ರಯವಿಲ್ಲದ ಭಾರವು ಹೆಚ್ಚುವುದು. ರಸ್ತೆಯ ಪ್ರತಿಯೊಂದು ಪೆಟ್ಟೂ ಊರೆಗೆ ತಗುಲಿ ಕಾಲಕ್ರಮದಲ್ಲಿ ಬಿರುಕು ಬಿಡುವುದು. ಒಡಲಿಗೆ ಬಿಗಿಯುವ ತಡೆಗೆ ಈ ಕಷ್ಟವಿಲ್ಲ. ಆದರೆ ಮುಂಚಕ್ರವು ಎರಡು ಪಕ್ಕಕ್ಕೂ ಪೂರ್ತಿ ತಿರುಗಿದಾಗಲೂ ಸ್ಪ್ರಿಂಗು ಪೂರ್ತಿ ಅಡಗಿದಾಗಲೂ ಟೈರು ತಗುಲದಷ್ಟು ಅಗಲವೂ ಎತ್ತರವೂ ಅದಕ್ಕೆ ಬೇಕು. ಅಷ್ಟು ಅಗಲವಾದ ತಗಡು ಎರಡು ದಿಕ್ಕಿಗೂ ಬಾಗಿದ್ದಲ್ಲದೆ ನಡುಗದೆ ನಿಲ್ಲಲಾರದು. ಹೀಗೆ ಕೂಡಿಸುವ ರೀತಿಯೂ ಮಾಡುವ ಶಕ್ತಿಯೂ ಒಂದಕ್ಕೊಂದು ಹೆಣೆದುಕೊಂಡಿವೆ.

೫

ಈ ವಾದಕ್ಕೆ ಬಲವಾದ ಸಾಕ್ಷ್ಯವು ಚ್ಯಾಪ್‌ಮನ್ ಅವರ ಕೃತಿಗಳಲ್ಲಿಯೇ ದೊರೆಯುತ್ತದೆ. ೧೯೫೪ರ ಲೋಟಸ್ ಎಂಟನೆಯ ಮಾದರಿಗೆ ವಿಮಾನಶಾಸ್ತ್ರ ಬಲ್ಲ ಫ್ರ್ಯಾಂಕ್ ಕಾಸ್ಟಿನ್ ಅವರು ಚಕ್ರಗಳನ್ನೂ ಒಳಗೊಂಡ, ಗಾಳಿಯನ್ನು ಸೀಳಿ ಸಾಗುವ ಒಡಲನ್ನು ರೂಪಿಸಿದರು. ೧೯೫೬ರ ಲೋಟಸ್ ಇಲೆವೆನ್ ಕೂಡ ಅಂಥದೇ. ತೆರೆದ ಚಕ್ರವೂ ಬಿಡಿಯಾದ ತಡೆಯೂ ಗಾಳಿಗೆ ಅಡ್ಡಿಯೆಂಬುದನ್ನು ಇಷ್ಟು ಚೆನ್ನಾಗಿ ಅರಿತಿದ್ದವರು, ಮರುವರ್ಷ, ೧೯೫೭ರಲ್ಲಿ, ಲೋಟಸ್ ಸೆವೆನ್ ಕಾರನ್ನು ಬಿಡಿ ತಡೆಗಳೊಡನೆಯೇ ಹೊರತಂದರು. ವೇಗವೇ ಗುರಿಯಾಗಿದ್ದರೆ ಇದು ವಿಪರೀತವೆನಿಸುವುದು. ಆದರೆ ಸೆವೆನ್ ಕಾರು ಬಿಡಿಭಾಗಗಳಾಗಿ ಮಾರಾಟವಾಗಿ, ಕೊಂಡವನ ಮನೆಯಲ್ಲಿ ಜೋಡಣೆಯಾಗತಕ್ಕದ್ದು. ಪೂರ್ತಿ ಕಟ್ಟಿದ ಕಾರಿನ ಮೇಲೆ ಅಂದು ಬ್ರಿಟನ್ನಿನಲ್ಲಿದ್ದ ಕ್ರಯತೆರಿಗೆಯು ಬಿಡಿಭಾಗಗಳಿಗೆ ತಗುಲುತ್ತಿರಲಿಲ್ಲ. ಕಟ್ಟಿದ ಕಾರಿಗೆ ೧,೦೩೬ ಪೌಂಡುಗಳಾದರೆ ಬಿಡಿಭಾಗಗಳಿಗೆ ೫೩೬ ಪೌಂಡುಗಳು. ಸರಳವಾದ ತಗಡು, ನಾಲ್ಕಾರು ಬೋಲ್ಟು, ಸಾಮಾನ್ಯವಾದ ಸ್ಪ್ಯಾನರು: ಇವುಗಳಿಂದ ಮುಗಿಯುವ ಕೆಲಸವೇ ಆ ಬೆಲೆಗೂ ಆ ಗಿರಾಕಿಗೂ ತಕ್ಕುದಾಗಿತ್ತು.

ತರುವಾಯದ ಸಂಗತಿಯೂ ಇದನ್ನೇ ಸಮರ್ಥಿಸುತ್ತದೆ. ೧೯೬೦ರ ಎರಡನೆಯ ಸರಣಿಯಲ್ಲಿ ಕಾರಿನ ಮೂತಿಯೂ ಕೆಸರುತಡೆಗಳೂ ಫೈಬರ್‌ಗ್ಲಾಸಿನಿಂದ ತಯಾರಾದವು. ಗಾಜಿನ ನಾರನ್ನು ರಾಳದಲ್ಲಿ ನೆನೆಸಿ ಅಚ್ಚಿನೊಳಗೆ ಹಾಸಿದರೆ ಎಷ್ಟು ಜಟಿಲವಾದ ಆಕಾರವೂ ಬರುವುದು. ಕುಶಲತೆಯು ಕೈಯಿಂದ ಅಚ್ಚಿಗೆ ವರ್ಗವಾಯಿತು. ಕಪ್ಪೆಚಿಪ್ಪಿನಂತೆ ಅಗಲವಾಗಿ ಇಳಿಬಿದ್ದು ಒಡಲಿಗೆ ಬಿಗಿದ ತಡೆಯು ಇದರಿಂದ ಮನೆಯಲ್ಲಿ ಕಟ್ಟುವವನ ಕೈಗೂ ಎಟುಕಿತು. ಹೊಸ ವಸ್ತುವಿಗೂ ಅದರದೇ ನಿಯಮವುಂಟು: ಬೋಲ್ಟಿನ ಕೆಳಗೆ ಅಗಲವಾದ ವಾಷರನ್ನೂ ರಬ್ಬರನ್ನೂ ಇಡದೆ ಬಿಗಿದರೆ ರಂಧ್ರದ ಸುತ್ತ ಸೀಳು ಕಾಣಿಸುವುದು.

೬

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು. ಕೈಕೆಲಸದ ಮಿತಿಯೇ ಕಾರಣವಾಗಿದ್ದರೆ, ಫೈಬರ್‌ಗ್ಲಾಸು ಬಂದ ಮೇಲೆ ಸೈಕಲ್ಲಿನಂಥ ತಡೆಯು ಮಾಯವಾಗಬೇಕಿತ್ತಲ್ಲವೆ? ಹಾಗಾಗಲಿಲ್ಲ. ಸೆವೆನ್ ಕಾರಿನ ಹಕ್ಕುಗಳು ೧೯೭೩ರಲ್ಲಿ ಕೇಟರ್‌ಹ್ಯಾಮ್ ಸಂಸ್ಥೆಗೆ ಸೇರಿದವು. ಅದೇ ವರ್ಷ ಹಳೆಯ ಕ್ರಯತೆರಿಗೆಯೂ ರದ್ದಾಯಿತು. ಆದರೂ ಆ ಪರಂಪರೆಯ ಕಾರುಗಳಲ್ಲಿ ಎರಡು ಬಗೆಯ ತಡೆಗಳೂ ನಡೆದುಬಂದಿವೆ. ಈ ಆಕ್ಷೇಪಣೆಯು ಯುಕ್ತವಾದುದೇ. ಒಂದು ರೂಪದ ಹುಟ್ಟಿಗೆ ಕಾರಣವಾದುದೇ ಅದರ ಬಾಳಿಗೂ ಕಾರಣವಾಗಿರಬೇಕಿಲ್ಲವೆಂಬುದೇ ಇದಕ್ಕೆ ಸಮಾಧಾನ. ಮೊದಲು ಅನಿವಾರ್ಯವಾಗಿದ್ದುದು ಬಳಿಕ ಲಕ್ಷಣವಾಯಿತು. ಹಳೆಯದರ ಮೇಲಣ ಮೋಹವೆಂಬ ಉತ್ತರವು ಈ ಎರಡನೆಯ ಘಟ್ಟಕ್ಕೆ ಸಲ್ಲುತ್ತದೆ, ಮೊದಲನೆಯದಕ್ಕೆ ಸಲ್ಲದು.

ಭಾಷಾಚರಿತ್ರೆಯನ್ನು ಬಲ್ಲ ವಾಚಕರಿಗೆ ಇದು ಹೊಸದಲ್ಲ. ಕುದುರೆಯ ಗೊರಸು ಎರಚುವ ಕೆಸರನ್ನು ತಡೆಯಲು ಗಾಡಿಯ ಮುಂದೆ ನಿಲ್ಲಿಸಿದ ಹಲಗೆಗೆ ಇಂಗ್ಲಿಷಿನಲ್ಲಿ 'ಡ್ಯಾಷ್‌ಬೋರ್ಡ್' ಎಂದು ಹೆಸರಾಯಿತು. ಕುದುರೆ ಹೋಯಿತು, ಕೆಸರೂ ಅಲ್ಲಿಗೆ ಬಾರದಾಯಿತು. ಹೆಸರು ಮಾತ್ರ ಕಾರಿನೊಳಗೆ, ಸವಾರನ ಮುಂದಣ ಫಲಕದಲ್ಲಿ ನಿಂತಿದೆ. ಅಲ್ಲಿ ಪದವು ಪದಾರ್ಥವನ್ನು ಮೀರಿ ಉಳಿಯಿತು. ಇಲ್ಲಿ ಪದಾರ್ಥವು ತನ್ನ ಕಾರಣವನ್ನು ಮೀರಿ ಉಳಿದಿದೆ. ಉಳಿದ ರೂಪವನ್ನು ಕಂಡೊಡನೆ ಅದನ್ನು ಬರಿಯ ಅಭಿರುಚಿಯ ಫಲವೆಂದು ಎಣಿಸದೆ, ಅದನ್ನು ಮೊದಲು ಮಾಡಿದವನ ಕೈಯಲ್ಲಿ ಯಾವ ಉಪಕರಣವಿತ್ತೆಂಬುದನ್ನು ವಿಚಾರಿಸುವುದು ಚರಿತ್ರಕಾರನ ಕರ್ತವ್ಯವೆಂದು ನಮ್ಮ ಅಭಿಪ್ರಾಯ.