ಮರದ ನೆಲದ ಸಂದುಗಳ ದುರಸ್ತಿ

ಹಲಗೆ ಹಾಸಿದ ನೆಲದಲ್ಲಿ ಅಕ್ಕಪಕ್ಕದ ಹಲಗೆಗಳ ನಡುವೆ ಬಿಡುವ ಸಂದುಗಳನ್ನು ಮುಚ್ಚುವ ಅಥವಾ ಕಿರಿದುಗೊಳಿಸುವ ಕೆಲಸ. ಸಂದುಗಳಲ್ಲಿ ಧೂಳು ಸೇರುತ್ತದೆ. ನೆಲದಡಿ ಟೊಳ್ಳು ಬಿಟ್ಟು ಕಟ್ಟಿದ ಚಳಿದೇಶಗಳ ಮನೆಗಳಲ್ಲಿ ಅವುಗಳ ಮೂಲಕ ತಣ್ಣನೆಯ ಗಾಳಿಯೂ ಒಳಬರುತ್ತದೆ.

ಕಾರಣ: ಗಾಳಿಯ ತೇವಕ್ಕೆ ತಕ್ಕಂತೆ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಈ ಬದಲಾವಣೆ ಹಲಗೆಯ ಉದ್ದದಲ್ಲಿ ತೀರ ಕಡಿಮೆ, ಅಗಲದಲ್ಲಿ ಹೆಚ್ಚು. 125 ಮಿ.ಮೀ. ಅಗಲದ ಓಕ್ ಹಲಗೆಯ ತೇವಾಂಶ ಶೇ. 10ರಿಂದ 6ಕ್ಕೆ ಇಳಿದರೆ, ದಿಮ್ಮಿಯನ್ನು ಕೊಯ್ದ ಬಗೆಗೆ ಅನುಗುಣವಾಗಿ ಅದರ ಅಗಲ ಸುಮಾರು 0.8ರಿಂದ 1.8 ಮಿ.ಮೀ. ಕುಗ್ಗುತ್ತದೆ. ಯೂರೋಪ್ ಮತ್ತು ಉತ್ತರ ಅಮೆರಿಕಗಳಲ್ಲಿ ಚಳಿಗಾಲಕ್ಕೆ ಮನೆ ಕಾಯಿಸಿದಾಗ ಒಳಗಿನ ಗಾಳಿ ಒಣಗಿ ಸಂದು ಅಗಲವಾಗುತ್ತದೆ, ಬೇಸಗೆಯಲ್ಲಿ ಕೂಡಿಕೊಳ್ಳುತ್ತದೆ. ಮಲೆನಾಡಿನ ಹಳೆಯ ಮನೆಗಳ ಹಲಗೆಯ ಮಹಡಿಯಲ್ಲಿ ಕ್ರಮ ಬೇರೆ: ಮಳೆಗಾಲದಲ್ಲಿ ಹಲಗೆ ಊದಿಕೊಂಡು ಬೇಸಗೆಯಲ್ಲಿ ಬಿಡಿಸಿಕೊಳ್ಳುತ್ತದೆ. ಸರಿಯಾಗಿ ಒಣಗದ ಹಲಗೆ ಹಾಸುವುದು, ಮೊಳೆ ಸಡಿಲಾಗುವುದು, ಕೆಳಗಿನ ತೊಲೆ ಕುಸಿಯುವುದು ಇತರ ಕಾರಣಗಳು.

ಪರೀಕ್ಷೆ: ಋತುವಿನೊಂದಿಗೆ ಬಂದು ಹೋಗುವ ಸಂದನ್ನು ಸಾಮಾನ್ಯವಾಗಿ ತುಂಬುವುದಿಲ್ಲ. ಒಣ ಕಾಲದಲ್ಲಿ ಗಟ್ಟಿ ಪದಾರ್ಥ ತುಂಬಿದರೆ, ಹಲಗೆ ಹಿಗ್ಗಿದಾಗ ಅದು ಪುಡಿಯಾಗಿ ಮೇಲೇಳುತ್ತದೆ ಇಲ್ಲವೆ ಹಲಗೆಯ ಅಂಚನ್ನೇ ಜಜ್ಜುತ್ತದೆ. ತೇವದ ಕಾಲದಲ್ಲೂ ಉಳಿಯುವ ಸಂದು ಮಾತ್ರ ಶಾಶ್ವತವಾದದ್ದು. ಕೋಣೆಯ ಸಾಪೇಕ್ಷ ಆರ್ದ್ರತೆಯನ್ನು ವರ್ಷವಿಡೀ ಶೇ. 30ರಿಂದ 50ರ ನಡುವೆ ಕಾಯ್ದುಕೊಂಡರೆ ಹಲಗೆಗಳ ಚಲನೆ ಕಡಿಮೆಯಾಗುತ್ತದೆ.

ವಿಧಾನಗಳು: ಮೊದಲು ತೆಳುವಾದ ಅಲಗಿನಿಂದ ಕೊಳೆ ಕೆರೆದು ತೆಗೆದು, ಸಡಿಲ ಹಲಗೆಗಳನ್ನು ತೊಲೆಗೆ ತಿರುಪುಮೊಳೆಯಿಂದ ಬಿಗಿಯಬೇಕು. ಸುಮಾರು 3 ಮಿ.ಮೀ.ಗಿಂತ ಕಿರಿದಾದ ಸಂದಿಗೆ ಸಿದ್ಧ ಫಿಲ್ಲರ್ ಅಥವಾ ಅದೇ ಮರದ ಹುಡಿಯನ್ನು ಅಂಟಿನಲ್ಲಿ ಕಲಸಿದ ಮುದ್ದೆ ಸಾಕು. ಹುಡಿಯ ಮುದ್ದೆ ಅಗ್ಗವಾದರೂ ಒಣಗಿದ ಮೇಲೆ ಬಾಗುವ ಗುಣವಿಲ್ಲದ್ದರಿಂದ ಹೆಚ್ಚು ಚಲಿಸುವ ನೆಲದಲ್ಲಿ ಬಾಳುವುದಿಲ್ಲ. ಅಗಲವಾದ ಸಂದಿಗೆ ಅದೇ ಜಾತಿಯ ಮರದ ಪಟ್ಟಿಯನ್ನು ಕೆಳಮುಖವಾಗಿ ತೆಳುಗೊಳಿಸಿ, ಒಂದೇ ಬದಿಗೆ ಅಂಟು ಹಚ್ಚಿ ಬಡಿದು ಕೂರಿಸುತ್ತಾರೆ. ಹೀಗಾಗಿ ಎದುರಿನ ಹಲಗೆ ಸ್ವತಂತ್ರವಾಗಿ ಚಲಿಸಬಲ್ಲದು. ಅಂಟು ಒಣಗಿದ ಮೇಲೆ ಹತ್ತರಿಯಿಂದ ಮಟ್ಟ ಮಾಡಿ, ಉಜ್ಜಿ, ಬಣ್ಣ ಹೊಂದಿಸಿ ವಾರ್ನಿಶ್ ಬಳಿಯುತ್ತಾರೆ. ಹಳೆಯ ಅಗಲ ಹಲಗೆಗಳ ನಡುವೆ ಬಣ್ಣ ಹಾಕಿದ ಸೆಣಬಿನ ಅಥವಾ ಹತ್ತಿಯ ಹಗ್ಗವನ್ನು ಮೊಂಡ ಉಪಕರಣದಿಂದ ಒತ್ತುವುದುಂಟು. ಹಲಗೆ ಹಿಗ್ಗಿದಾಗ ಹಗ್ಗ ಅದುಮಿಕೊಳ್ಳುತ್ತದೆ, ಕುಗ್ಗಿದಾಗ ಸಡಿಲಾಗುತ್ತದೆ. ನೆಲದ ತುಂಬ ಸಂದುಗಳಿದ್ದರೆ ಹಲಗೆಗಳನ್ನು ಎಬ್ಬಿಸಿ ಒತ್ತಾಗಿ ಮರುಜೋಡಿಸುವುದೇ ಲೇಸು. ಮೊಳೆಯಿಲ್ಲದೆ ಒಂದಕ್ಕೊಂದು ಸಿಕ್ಕಿಸಿದ ಲ್ಯಾಮಿನೇಟ್ ಹಲಗೆಗಳ ಸಂದನ್ನು ತುಂಬುವ ಬದಲು, ಹಲಗೆಯನ್ನು ಸರಿಸಿ ಮತ್ತೆ ಕೂಡಿಸಲಾಗುತ್ತದೆ.

ಎಚ್ಚರಿಕೆ: ಹಳೆಯ ನೆಲದ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಪರೀಕ್ಷಿಸದೆ ಉಜ್ಜಬಾರದು. ಸಂದು ಮುಚ್ಚುವಾಗ ನೆಲದಡಿಯ ಗಾಳಿಕಿಂಡಿಗಳನ್ನೂ ಮುಚ್ಚಿದರೆ ತೇವ ಕಟ್ಟಿಕೊಂಡು ತೊಲೆಗಳು ಕೊಳೆಯುತ್ತವೆ.